ಜ್ವಾಲಾಮುಖಿಯ ಹೊಗೆ, ನಮ್ಮ ಹೊಗೆ

ಒಂದು ಜ್ವಾಲಾಮುಖಿ ಸಿಡಿದರೆ ಮನುಷ್ಯರ ಹೊಗೆಯೆಲ್ಲ ಲೆಕ್ಕಕ್ಕಿಲ್ಲ ಎಂಬ ಸಂದೇಶ ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಸಿಂಹಗಡದ ಕಪ್ಪು ಬಂಡೆಯೇ ಲಾವಾದಿಂದ ಆದದ್ದು, ಹಾಗಾಗಿ ಇಲ್ಲಿಯವರು ಅದನ್ನು ನಂಬುವುದು ಸಹಜ. ಆದರೆ ಲೆಕ್ಕ ತಿರುಗುಮುರುಗಾಗಿದೆ. ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಟ್ಟು ನಾವು ವರ್ಷಕ್ಕೆ 3,500 ಕೋಟಿ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತೇವೆ. ಜಗತ್ತಿನ ಎಲ್ಲ ಜ್ವಾಲಾಮುಖಿಗಳು ಸೇರಿ ಬಿಡುವುದು ಅದರ ಸುಮಾರು ಶೇ. 1ರಷ್ಟು ಮಾತ್ರ.

ಇದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆದ ರೇಖಾನಕ್ಷೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. (ಅದೂ ಜ್ವಾಲಾಮುಖಿಯೇ ಎನ್ನುವವರು ದಕ್ಷಿಣ ಧ್ರುವದ ನಕ್ಷೆಯನ್ನು ಪಕ್ಕಕ್ಕಿಟ್ಟು ನೋಡಲಿ, ಏರಿಕೆ ಅಲ್ಲಿಯೂ ಅದೇ.) ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದ 1991ರ ಮೇಲೆ ಬೆರಳಿಟ್ಟರೆ ಅಲ್ಲಿ ಯಾವ ಜಿಗಿತವೂ ಕಾಣುವುದಿಲ್ಲ, ಆ ಸ್ಫೋಟದ ಗಂಧಕದ ಕಣಗಳು ಭೂಮಿಯನ್ನು ಒಂದೆರಡು ವರ್ಷ ತುಸು ತಂಪಾಗಿಸಿದ್ದವು.