ದೊಡ್ಡಮ್ಮ ಕೇಳಿದ ಸ್ಟೇಷನ್ ಕಾಗದ

ಹೋದ ತಿಂಗಳು ದೊಡ್ಡಮ್ಮನನ್ನು ಬೆಂಗಳೂರಿನ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿದ್ದೆ. ರಾತ್ರಿ ನಿದ್ದೆ ಇಲ್ಲ, ಹಗಲೆಲ್ಲ ಸುಮ್ನೆ ಅಳು. ಓಪಿಡಿಯಲ್ಲಿ ಕೂತಿದ್ದಾಗ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು, "ಪೊಲೀಸ್ ಸ್ಟೇಷನ್ನಿಂದ ಕಾಗದ ತಂದಿದ್ದೀಯೇನೋ? ಇಲ್ದಿದ್ರೆ ಒಳಗೆ ಬಿಡಲ್ಲ, ಅಲ್ವಾ?"

ನನಗೆ ಮಾತೇ ಹೊರಡಲಿಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದು 1950ರ ದಶಕದ ಬೆಂಗಳೂರು.

ಅವರ ಚಿಕ್ಕಪ್ಪ ರಾತ್ರಿ ಹೊತ್ತು ಏನೋ ಗೊಣಗುತ್ತಾ ಪೇಟೆ ಬೀದಿಗಳಲ್ಲಿ ತಿರುಗುತ್ತಿದ್ದರಂತೆ. ಯಾರ ಮೇಲೂ ಕೈ ಮಾಡಿದವರಲ್ಲ. ಒಂದು ಬೆಳಿಗ್ಗೆ ಪೊಲೀಸರು ಮನೆ ಮುಂದೆಯೇ ಹಿಡಿದುಕೊಂಡು ಹೋದರು. ಒಂದು ಚಪ್ಪಲಿ ಜಗಲಿ ಹತ್ತಿರ ಬಿದ್ದಿತ್ತು. ಎಂಟು ವರ್ಷದ ದೊಡ್ಡಮ್ಮ ಅದನ್ನು ಎತ್ತಿಕೊಂಡು ಬೀದಿ ಕೊನೆವರೆಗೂ ಓಡಿದ್ದರಂತೆ.

ಆಗ ನಡೆಯುತ್ತಿದ್ದದ್ದು 1912ರ ಲೂನಸಿ ಕಾಯ್ದೆ, ಅಂದರೆ ಬುದ್ಧಿಭ್ರಮಣೆಯವರ ಕುರಿತ ಕಾಯ್ದೆ. ಬುದ್ಧಿ ಸರಿ ಇಲ್ಲ ಅನಿಸಿದವರು ಬೀದಿಯಲ್ಲಿ ಅಲೆಯುತ್ತಿದ್ದರೆ ಠಾಣೆಯ ಅಧಿಕಾರಿ ಹಿಡಿಯಬಹುದಿತ್ತು. ಅಪಾಯ ಅನಿಸಿದರೆ ಹಿಡಿಯಲೇಬೇಕಿತ್ತು. ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಸರ್ಕಾರಿ ಡಾಕ್ಟರು ನೋಡಿ ಬರೆದುಕೊಡಬೇಕು, ಮ್ಯಾಜಿಸ್ಟ್ರೇಟರು ಆದೇಶ ಬರೆಯಬೇಕು. ಆಗಲೇ ಆಸ್ಪತ್ರೆ. ಮನೆಯವರೇ ಸೇರಿಸಬೇಕೆಂದರೆ ಅರ್ಜಿ ಜೊತೆಗೆ ಇಬ್ಬರು ಡಾಕ್ಟರ ಸರ್ಟಿಫಿಕೇಟು. ಕಾಯಿಲೆಯವರು ತಾವಾಗಿ ಬಂದರೂ ಆಸ್ಪತ್ರೆಯನ್ನು ನೋಡಿಕೊಳ್ಳಲು ಸರ್ಕಾರ ನೇಮಿಸಿದ್ದ ಸಂದರ್ಶಕರಲ್ಲಿ ಇಬ್ಬರು ಒಪ್ಪಬೇಕಿತ್ತು. ಜ್ವರ ಬಂದವರಿಗೆ ಹೀಗೆ ಮಾಡುತ್ತಿದ್ದೆವಾ? ಕಾಯಿಲೆ ಬಿದ್ದವರ ಹೆಸರು ಮೊದಲು ಬರೆದುಕೊಳ್ಳುವವರು ಪೊಲೀಸರಾದರೆ, ಊರಿನ ಕಣ್ಣಿಗೆ ಅವರು ಕಳ್ಳರ ಹಾಗೆಯೇ ಕಾಣುತ್ತಾರೆ. ನಮ್ಮ ಮನೆಯಲ್ಲಿ ಆ ಚಿಕ್ಕಪ್ಪನ ಹೆಸರನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ.

ನನಗೆ ಜಾಸ್ತಿ ಸಂಕಟ ಆಗುವುದು ಇನ್ನೊಂದಕ್ಕೆ. ಆ ಹೊತ್ತಿಗೆ ಬೆಂಗಳೂರಿನ ಆಸ್ಪತ್ರೆ ಬಹಳ ದೂರ ಬಂದಿತ್ತು. 1925ರಲ್ಲೇ 'ಅಸೈಲಮ್' (ಹುಚ್ಚಾಸ್ಪತ್ರೆ) ಅನ್ನುವ ಹೆಸರು ಹೋಗಿ 'ಮೆಂಟಲ್ ಹಾಸ್ಪಿಟಲ್' ಆಗಿತ್ತು. 1930ರ ದಶಕದಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊಸೂರು ರಸ್ತೆಯ ದೊಡ್ಡ ಜಾಗಕ್ಕೆ ಬಂದಿತ್ತು. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು (ಇವೆರಡೂ ಸೇರಿ ಆದದ್ದೇ ಈಗಿನ ನಿಮ್ಹಾನ್ಸ್), ಡಾ. ಎಂ. ವಿ. ಗೋವಿಂದಸ್ವಾಮಿ ಮೊದಲ ನಿರ್ದೇಶಕರು. ಮನೋರೋಗದ ಡಾಕ್ಟರುಗಳನ್ನು ದೇಶಕ್ಕೇ ತಯಾರು ಮಾಡುವ ಜಾಗ ನಮ್ಮ ಊರಲ್ಲೇ ಇತ್ತು. ಆದರೆ ಅಲ್ಲಿಗೆ ಹೋಗುವ ದಾರಿ ಮಾತ್ರ ಹೆಚ್ಚಾಗಿ ಠಾಣೆ, ಕೋರ್ಟು ಸುತ್ತಿಕೊಂಡೇ ಹೋಗುತ್ತಿತ್ತು.

ಅದೇ 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಹಣ ಇರಲಿಲ್ಲ, ಮನಸ್ಸಿತ್ತು. ಅಂಥ ಒಂದು ಡೇರೆ ಆ ಚಿಕ್ಕಪ್ಪನ ಮನೆಯವರಿಗೆ ಸಿಕ್ಕಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆ 1912ರ ಕಾಯ್ದೆಗೆ ಬದಲಾಗಿ ಇನ್ನೊಂದು ಕಾಯ್ದೆ ಬಂದದ್ದು 1987ರಲ್ಲಿ, ಜಾರಿಯಾದದ್ದು 1993ರಲ್ಲಿ. ಈಗಿನ 2017ರ ಕಾಯ್ದೆಯಲ್ಲೂ ಪೊಲೀಸರಿಗೆ ಕೆಲಸ ಇದೆ. ಆದರೆ ಅಲೆದಾಡುವವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. ನಿಮ್ಮ ಮನೆಯಲ್ಲೂ ದೊಡ್ಡಮ್ಮನ ಹಾಗೆ ಹೆದರಿಕೊಂಡು ಕೂತ ಹಿರಿಯರಿದ್ದರೆ, ದಯವಿಟ್ಟು ಅವರಿಗೆ ಬಾಯಿಬಿಟ್ಟು ಹೇಳಿ: ಯಾವ ಸ್ಟೇಷನ್ ಕಾಗದವೂ ಬೇಡ.

ಅವತ್ತು ಒಳಗೆ ಡಾಕ್ಟರ್ ಹುಡುಗಿ ಕೇಳಿದ್ದು ಇಷ್ಟೇ, "ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತಮ್ಮಾ?" ದೊಡ್ಡಮ್ಮ ಒಂದು ಸಲ ಬಾಗಿಲ ಕಡೆ ನೋಡಿ, ಆಮೇಲೆ ನಿಧಾನವಾಗಿ ಹೇಳತೊಡಗಿದರು. ಮುಂದಿನ ತಿಂಗಳು ಮತ್ತೆ ಹೋಗಬೇಕು. ಚೀಟಿಯನ್ನು ನನಗೆ ಕೊಟ್ಟಿಲ್ಲ. ತಾವೇ ಮಡಿಸಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.