ಅದೇ ಮುಖ, ಬೇರೆ ಹೆಸರು: ‘ದಿ ಲೇಡಿ ಈವ್’ ನಂಬುವ ಹಾಗಿದೆಯಾ?

1941ರ ಹಾಲಿವುಡ್ ಚಿತ್ರ. ಬರೆದು ನಿರ್ದೇಶಿಸಿದವರು ಪ್ರೆಸ್ಟನ್ ಸ್ಟರ್ಜಸ್. ನೋಡದವರಿಗಾಗಿ ಕಥೆ ಇಷ್ಟು. ಚಾರ್ಲ್ಸ್ ಪೈಕ್ (ಹೆನ್ರಿ ಫಾಂಡಾ) ಬಿಯರ್ ತಯಾರಿಸಿ ದುಡ್ಡು ಮಾಡಿದ ಮನೆತನದ ಹುಡುಗ, ಅಡ್ಡಹೆಸರು ಹಾಪ್ಸಿ, ಅಮೆಜಾನ್ ಕಾಡಿನಲ್ಲಿ ಒಂದು ವರ್ಷ ಹಾವುಗಳ ಅಧ್ಯಯನ ಮಾಡಿ ಹಡಗಿನಲ್ಲಿ ಊರಿಗೆ ಹೊರಟಿದ್ದಾನೆ. ಜೀನ್ (ಬಾರ್ಬರಾ ಸ್ಟಾನ್‌ವಿಕ್) ಅಪ್ಪನ ಜೊತೆ ಹಡಗುಗಳಲ್ಲಿ ಓಡಾಡುತ್ತಾ ಇಸ್ಪೀಟಿನಲ್ಲಿ ಸಾಹುಕಾರರ ತಲೆ ಬೋಳಿಸುವವಳು. ಇವನನ್ನು ಬೋಳಿಸಲು ಹೋಗಿ ತಾನೇ ಪ್ರೀತಿಗೆ ಬೀಳುತ್ತಾಳೆ. ಅವಳು ಯಾರೆಂದು ಗೊತ್ತಾದ ಕೂಡಲೇ ಅವನು ಕೈಬಿಡುತ್ತಾನೆ. ಸೇಡು ತೀರಿಸಿಕೊಳ್ಳಲು ಅವಳು ಕನೆಕ್ಟಿಕಟ್‌ನ ಅವನ ಮನೆಗೇ ಬರುತ್ತಾಳೆ, ಲೇಡಿ ಈವ್ ಸಿಡ್ವಿಚ್ ಎಂಬ ಇಂಗ್ಲೆಂಡಿನ ದೊಡ್ಡ ಮನೆತನದ ಹೆಣ್ಣಾಗಿ. ವಿಗ್ ಇಲ್ಲ, ಮಚ್ಚೆ ಇಲ್ಲ, ಮುಸುಕಿಲ್ಲ. ಅದೇ ಮುಖ. ಆದರೂ ಅವನಿಗೆ ಗುರುತು ಸಿಗುವುದಿಲ್ಲ, ಮದುವೆಯನ್ನೂ ಆಗುತ್ತಾನೆ.

ಪ್ರಶ್ನೆ ಒಂದೇ. ಹಾಪ್ಸಿಗೆ ಗುರುತು ಸಿಗದಿರುವುದು ಈ ಚಿತ್ರದ ಬಲವೋ, ತೂತೋ?

ಪರ: ಗುರುತು ಸಿಗದಿರುವುದೇ ಕಥೆ

ಮೊದಲ ಸಲ ನೋಡಿದಾಗ ನನಗೂ ಕಿರಿಕಿರಿಯಾಗಿತ್ತು. ಅವಳು ಪಾರ್ಟಿಗೆ ಕಾಲಿಟ್ಟಾಗ ‘ಅಯ್ಯೋ, ಇವನಿಗೇನು ಕಣ್ಣು ಕಾಣೋದಿಲ್ವಾ’ ಅಂತ ಬಾಯಿಬಿಟ್ಟೇ ಅಂದಿದ್ದೆ. ಎರಡನೇ ಸಲ ನೋಡಿದಾಗ ಹೊಳೆಯಿತು, ಸ್ಟರ್ಜಸ್‌ಗೆ ಬೇಕಾಗಿದ್ದದ್ದು ನಾನು ಹಾಗೆ ಅನ್ನುವುದೇ.

ಮೊದಲು ಹಾಪ್ಸಿಯ ತರ್ಕ ನೋಡಿ. ಅವನನ್ನು ಕಾಯುವ ಮಗ್ಸಿ, ವಿಲಿಯಂ ಡೆಮರೆಸ್ಟ್ ಮಾಡಿರುವ ಪಾತ್ರ, ನೋಡಿದ ತಕ್ಷಣ ಇವಳು ಹಡಗಿನವಳೇ ಅನ್ನುತ್ತಾನೆ. ಹಾಪ್ಸಿ ಅವನಿಗೆ ಪಾಠ ಹೇಳುತ್ತಾನೆ. ಇಬ್ಬರೂ ಇಷ್ಟೊಂದು ಒಂದೇ ಥರ ಇರುವುದರಿಂದಲೇ ಇವಳು ಅವಳಲ್ಲ. ಅವಳೇ ಆಗಿದ್ದರೆ ಕೂದಲಿಗೆ ಬಣ್ಣ ಹಾಕಿಕೊಂಡು ಬರುತ್ತಿದ್ದಳು, ನನ್ನನ್ನು ಎಲ್ಲೂ ನೋಡೇ ಇಲ್ಲ ಅನ್ನುತ್ತಿದ್ದಳು. ಇವಳು ನನ್ನನ್ನು ಎಲ್ಲೋ ನೋಡಿದ ಹಾಗಿದೆ ಅನ್ನುತ್ತಿದ್ದಾಳೆ! ಎಷ್ಟು ಚೆನ್ನಾಗಿದೆ ಅಲ್ವಾ? ಒಂದೊಂದು ಹೆಜ್ಜೆಯೂ ಸರಿ, ತಲುಪಿದ ಜಾಗ ಮಾತ್ರ ತಪ್ಪು. ಓದಿದವರು ಮೋಸಹೋಗುವುದೇ ಹೀಗೆ. ಅವರಿಗೆ ಬೇರೆಯವರು ಸುಳ್ಳು ಹೇಳಬೇಕಾಗಿಲ್ಲ, ಅರ್ಧ ಕೊಟ್ಟರೆ ಸಾಕು, ಮಿಕ್ಕ ಅರ್ಧವನ್ನು ತಾವೇ ಹೊಲಿದುಕೊಳ್ಳುತ್ತಾರೆ. ಆ ಅರ್ಧ ಕೊಡುವ ಕೆಲಸವನ್ನು ನಟ ಎರಿಕ್ ಬ್ಲೋರ್‌ನ ಪಾತ್ರ ಮಾಡುತ್ತದೆ. ಅವನೂ ಸರ್ ಆಲ್ಫ್ರೆಡ್ ಅಂತ ಹೆಸರಿಟ್ಟುಕೊಂಡು ಆ ಊರಿನ ಸಾಹುಕಾರರ ನಡುವೆ ಆರಾಮಾಗಿ ಬದುಕುತ್ತಿರುವ ಕಳ್ಳನೇ. ಹಾಪ್ಸಿಯನ್ನು ಪಕ್ಕಕ್ಕೆ ಕರೆದು, ಈವ್‌ಳ ಮನೆತನದಲ್ಲಿ ಗಾಡಿ ಹೊಡೆಯುವವನಿಗೆ ಹುಟ್ಟಿದ ಇನ್ನೊಂದು ಹುಡುಗಿಯೂ ಇದ್ದಳು ಅಂತ ಒಂದು ಹಳೇ ಕಾದಂಬರಿಯಂಥ ಕಥೆ ಪಿಸುಗುಟ್ಟುತ್ತಾನೆ. ಹಾಪ್ಸಿಯ ಮುಖ ಅರಳುತ್ತದೆ. ಅವನಿಗೆ ಬೇಕಾಗಿದ್ದದ್ದೂ ಅದೇ.

ಇನ್ನು ವೇಷದ ಮಾತು. ಈವ್ ವೇಷ ಹಾಕಿಲ್ಲ ಅನ್ನುವುದೇ ಸುಳ್ಳು. ಬಿರುದು ಒಂದು ವೇಷ, ಮಾತಿನ ಧಾಟಿ ಇನ್ನೊಂದು. ಪೈಕ್ ಮನೆಯ ಪಾರ್ಟಿಗೆ ಬಂದವರಲ್ಲಿ ಒಬ್ಬರೂ ಅವಳನ್ನು ಸರಿಯಾಗಿ ನೋಡುತ್ತಿಲ್ಲ, ಇಂಗ್ಲೆಂಡಿನ ‘ಲೇಡಿ’ ಬಂದಿದ್ದಾಳೆ ಅನ್ನುವ ಸಂಭ್ರಮದಲ್ಲಿ ಎಲ್ಲರೂ ಮುಳುಗಿದ್ದಾರೆ. ಬಿಯರ್ ಮಾರಿ ಸಾಹುಕಾರರಾದವರಿಗೆ ದುಡ್ಡಿಗೆ ಕೊರತೆಯಿಲ್ಲ, ವಂಶಕ್ಕೆ ಕೊರತೆ. ಆ ಕೊರತೆಯ ಮೇಲೆ ಕಾಲಿಟ್ಟುಕೊಂಡೇ ಅವಳು ಒಳಗೆ ನಡೆದು ಬರುತ್ತಾಳೆ. (ಆ ಮನೆಯಲ್ಲಿ ಸ್ವಲ್ಪ ನೆಟ್ಟಗೆ ಯೋಚಿಸುವವನು ಅಂದರೆ ಅಪ್ಪ ಹೊರೇಸ್ ಪೈಕ್. ಬೆಳಗಿನ ತಿಂಡಿ ಬರಲಿಲ್ಲ ಅಂತ ತಟ್ಟೆಯ ಮುಚ್ಚಳಗಳನ್ನು ತಾಳದ ಹಾಗೆ ಬಡಿಯುವ ನಟ ಯೂಜೀನ್ ಪಲೆಟ್. ಅವನಿಗೋಸ್ಕರವೇ ಇನ್ನೊಂದು ಸಲ ನೋಡಬಹುದು.)

ಸ್ಟಾನ್‌ವಿಕ್ ಏನು ಮಾಡುತ್ತಾಳೆ ಅನ್ನುವುದನ್ನೂ ಗಮನಿಸಿ. ಜೀನ್ ತಗ್ಗಿದ ದನಿಯವಳು, ಹತ್ತಿರ ಸರಿದು ಕೂರುವವಳು, ಮಾತಾಡುವಾಗ ಬೆರಳು ಅವನ ಕೂದಲಲ್ಲಿ ಆಡುತ್ತಿರುತ್ತದೆ. ಈವ್ ಗಲ್ಲ ಎತ್ತಿದವಳು, ಚಟಪಟ ಮಾತು, ಗಾಳಿಯಲ್ಲಿ ತೇಲುವ ನಗು. ಮುಖ ಒಂದೇ, ಆದರೆ ಮೈ ಇರುವ ರೀತಿ ಬೇರೆ. ಮೇಕಪ್ ಮಾಡಿ ಬದಲಿಸುವುದು ಸುಲಭ, ಇದು ಕಷ್ಟ.

ಆದರೆ ನನ್ನ ನಿಜವಾದ ವಾದ ಇದ್ಯಾವುದೂ ಅಲ್ಲ. ಅದು ಕುದುರೆಯ ದೃಶ್ಯದಲ್ಲಿದೆ.

ಹಡಗಿನ ಮೇಲೆ ರಾತ್ರಿ ಹೊತ್ತು ಹಾಪ್ಸಿ ಜೀನ್‌ಗೆ ಒಂದು ಮಾತು ಹೇಳುತ್ತಾನೆ. ನಿನ್ನನ್ನು ನೋಡಿದಾಗಲೆಲ್ಲ ಇಲ್ಲಿ ಮಾತ್ರ ಅಲ್ಲ, ತುಂಬಾ ಹಿಂದೆ ನೀನು ಚಿಕ್ಕ ಹುಡುಗಿಯಾಗಿದ್ದಾಗಿನಿಂದಲೂ ನೋಡುತ್ತಿರುವ ಹಾಗೆ ಅನಿಸುತ್ತದೆ ಅಂತ. ಜೀನ್ ಕರಗಿಹೋಗುತ್ತಾಳೆ. ನಾವೂ ಕರಗುತ್ತೇವೆ. ಆಮೇಲೆ ಈವ್‌ಗೆ ಮದುವೆಯ ಮಾತು ಎತ್ತುವಾಗ ಇವನು ಅದನ್ನೇ ಮತ್ತೆ ಹೇಳುತ್ತಾನೆ, ಹೆಚ್ಚುಕಡಿಮೆ ಅದೇ ಪದಗಳಲ್ಲಿ. ಹಿಂದೆ ನಿಂತ ಕುದುರೆ ಮೂತಿಯಿಂದ ಅವನ ತಲೆಯನ್ನು ತಿವಿಯುತ್ತಲೇ ಇರುತ್ತದೆ. ನಗು ತಡೆಯಲು ಆಗುವುದಿಲ್ಲ, ಆದರೆ ನಕ್ಕಮೇಲೆ ಸ್ವಲ್ಪ ಕಹಿ. ಇವನು ಜೀನ್‌ಳನ್ನು ಯಾವತ್ತು ನೋಡಿದ್ದ? ತನ್ನ ತಲೆಯೊಳಗಿದ್ದ ಒಂದು ಚಿತ್ರವನ್ನು ನೋಡುತ್ತಿದ್ದ, ಅದಕ್ಕೆ ಹೊಂದುವ ಮಾತನ್ನು ಒಪ್ಪಿಸುತ್ತಿದ್ದ. ಹಡಗಿನವರು ಒಂದು ಫೋಟೋ ತಂದು ಕೈಗಿಟ್ಟು ಇವರು ಇಸ್ಪೀಟು ಕಳ್ಳರು ಅಂದ ಕೂಡಲೇ, ಜೊತೆಯಲ್ಲಿ ಓಡಾಡಿದ ಹುಡುಗಿಯನ್ನು ಬಿಟ್ಟು ಆ ಫೋಟೋವನ್ನೇ ನಂಬಿದ. ಒಳ್ಳೆ ಹುಡುಗಿಯರು ನೀನು ಅಂದುಕೊಂಡಷ್ಟು ಒಳ್ಳೆಯವರಲ್ಲ, ಕೆಟ್ಟವರು ಅಷ್ಟೇನೂ ಕೆಟ್ಟವರಲ್ಲ ಅಂತ ಅವಳು ಬಿಡಿಸಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಚೀಟಿ ಓದಿ ಮನುಷ್ಯರನ್ನು ಅಳೆಯುವವನ ಮುಂದೆ ಚೀಟಿ ಬದಲಾಯಿಸಿದರೆ ಸಾಕು, ಮುಖ ಬದಲಾಯಿಸಬೇಕಾಗಿಲ್ಲ. ಗುರುತು ತಪ್ಪಿದ್ದು ಕನೆಕ್ಟಿಕಟ್‌ನಲ್ಲಿ ಅಲ್ಲ, ಹಡಗಿನಲ್ಲೇ.

ಇನ್ನೊಂದು. ಅವನ ತಲೆಗೆ ಗೊತ್ತಾಗದ್ದು ಕಾಲಿಗೆ ಗೊತ್ತಾಗುತ್ತದೆ! ಹಡಗಿನಲ್ಲಿ ಅವಳೇ ಕಾಲು ಅಡ್ಡ ಕೊಟ್ಟು ಬೀಳಿಸಿದ್ದಳು. ಪಾರ್ಟಿಯಲ್ಲಿ ಅವಳು ಏನೂ ಮಾಡದಿದ್ದರೂ ಇವನು ಸೋಫಾ ಮೇಲೆ ಬೀಳುತ್ತಾನೆ, ಪರದೆ ಕಿತ್ತು ಮೈಮೇಲೆ ಹಾಕಿಕೊಳ್ಳುತ್ತಾನೆ, ಬಡಿಸಲು ತಂದ ಮಾಂಸದ ಊಟ ಮೈಮೇಲೆ ಚೆಲ್ಲಿಸಿಕೊಳ್ಳುತ್ತಾನೆ, ಸೂಟು ಬದಲಿಸಿ ಬದಲಿಸಿ ಸುಸ್ತಾಗುತ್ತಾನೆ. ಕೊನೆಗೆ ಇನ್ನೊಂದು ಹಡಗುಪ್ರಯಾಣದಲ್ಲಿ ಅವಳು ಮತ್ತೆ ಕಾಲು ಅಡ್ಡ ಕೊಡುತ್ತಾಳೆ. ಬಿದ್ದವನು ಎದ್ದು ಸುಮ್ನೆ ಅವಳನ್ನು ಅಪ್ಪಿಕೊಳ್ಳುತ್ತಾನೆ. ಅವಳು ಏನೋ ಹೇಳಲು ಹೊರಟರೆ, ನನಗೆ ಏನೂ ತಿಳಿಯಬೇಕಾಗಿಲ್ಲ ಅನ್ನುತ್ತಾನೆ. ಚೀಟಿ ಓದುವುದನ್ನು ಬಿಟ್ಟದ್ದು ಅಲ್ಲಿ, ಅದೇ ಮೊದಲು.

ವಿರೋಧ: ಬಾಗಿಲು ಮುಚ್ಚಿತು, ಲೆಕ್ಕ ಚುಕ್ತಾ ಆಗಲಿಲ್ಲ

ಕುದುರೆ ದೃಶ್ಯಕ್ಕೆ ನಾನೂ ನಕ್ಕಿದ್ದೇನೆ, ಇಲ್ಲ ಅನ್ನುವುದಿಲ್ಲ. ಹಡಗಿನ ಭಾಗವಂತೂ ಹಾಸ್ಯಚಿತ್ರಗಳಲ್ಲಿ ನಾನು ಕಂಡ ಅತ್ಯುತ್ತಮ ಮುಕ್ಕಾಲು ಗಂಟೆ. ಸ್ಟಾನ್‌ವಿಕ್ ಊಟದ ಮನೆಯಲ್ಲಿ ಕೈಗನ್ನಡಿ ಹಿಡಿದು, ಹಾಪ್ಸಿಯ ಕಣ್ಣಿಗೆ ಬೀಳಲು ಒದ್ದಾಡುವ ಹುಡುಗಿಯರನ್ನು ನೋಡುತ್ತಾ ಒಬ್ಬೊಬ್ಬರ ಬಗ್ಗೆಯೂ ಕಾಮೆಂಟರಿ ಕೊಡುತ್ತಾಳಲ್ಲ, ಅದನ್ನು ಎಷ್ಟು ಸಲ ನೋಡಿದರೂ ಸಾಲದು.

ಅದಕ್ಕೇ ಎರಡನೇ ಅರ್ಧದ ಮೇಲೆ ಸಿಟ್ಟು ಜಾಸ್ತಿ.

ಇವನ ಕೆಲಸ ಏನು? ಹಾವಿನ ಅಧ್ಯಯನ. ಒಂದು ಹಾವಿಗೂ ಇನ್ನೊಂದಕ್ಕೂ ಇರುವ ಸಣ್ಣ ವ್ಯತ್ಯಾಸ ಹುಡುಕುವುದೇ ಅವನ ಕಸುಬು. ಆ ಕಣ್ಣು ಮನೆಗೆ ಬಂದಕೂಡಲೇ ಎಲ್ಲಿ ಹೋಯಿತು? ಸರಿ, ಅದೇ ತಮಾಷೆ ಅಂತೀರಿ. ಹಾಗಾದರೆ ಮೂಗಿನ ಕಥೆ ಹೇಳಿ. ಹಡಗಿನಲ್ಲಿ ಜೀನ್‌ಳ ಕೋಣೆಗೆ ಹೋದಾಗ ಅವಳ ಸೆಂಟಿನ ವಾಸನೆಗೇ ಇವನಿಗೆ ತಲೆ ತಿರುಗಿತ್ತು, ಒಂದು ವರ್ಷ ಕಾಡಿನಲ್ಲಿದ್ದವನು, ಪಾಪ. ಕಾಲಿಗೆ ಗೊತ್ತಾಗುತ್ತದೆ ಅಂತ ಪರದವರು ಚೆಂದವಾಗಿ ಬರೆದಿದ್ದಾರೆ, ಮೂಗಿಗೆ ಮಾತ್ರ ಯಾಕೆ ಗೊತ್ತಾಗುವುದಿಲ್ಲ? ಬೀಳುವುದರಲ್ಲಿ ನಗು ಬರುತ್ತದೆ, ಮೂಸುವುದರಲ್ಲಿ ಬರುವುದಿಲ್ಲ, ಅಷ್ಟೇ ವಿಷಯ. ಅದೂ ಆ ಬೀಳಾಟ ನನಗೆ ಅತಿಯಾಯಿತು. ಒಂದು ಸಲ ಸರಿ, ಎರಡು ಸಲ ಸರಿ. ಮೂರನೆಯದಕ್ಕೆ ಬರೆಯುವವನ ಕೈಲಿ ಮಾತು ಖಾಲಿಯಾಗಿದೆ ಅನಿಸುತ್ತದೆ, ಸ್ಟರ್ಜಸ್ ಅಂಥ ಮಾತುಗಾರನಿಗೆ ಇದು ಬೇಕಿರಲಿಲ್ಲ.

ಈಗ ಆ ಕುದುರೆಗೆ ಬರೋಣ. ಪ್ರೀತಿಯ ಮಾತು ಬರೀ ಒಪ್ಪಿಸಿದ ಪಾಠ, ಅವನು ಅವಳನ್ನು ಯಾವತ್ತೂ ನೋಡೇ ಇರಲಿಲ್ಲ ಅಂತ ವಾದ. ಒಪ್ಪಿದೆ ಅಂದುಕೊಳ್ಳಿ. ಹಾಗಾದರೆ ಜೀನ್ ಸೋತದ್ದು ಯಾರಿಗೆ? ಅಪ್ಪನ ಎದುರೇ ಇಸ್ಪೀಟಿನ ಮೇಜಿನಲ್ಲಿ ಕೂತು, ಅಪ್ಪ ಮೋಸದ ಎಲೆ ಹಾಕಿದರೆ ಮಗಳು ಅದಕ್ಕಿಂತ ದೊಡ್ಡ ಮೋಸ ಮಾಡಿ ಇವನನ್ನು ಉಳಿಸುತ್ತಾಳಲ್ಲ, ಅದು ಯಾರಿಗೋಸ್ಕರ? ಒಂದು ಗಿಣಿಗಾ? ಅವನು ಗಿಣಿ ಆದರೆ ಅವಳ ಕಣ್ಣೀರಿಗೆ ತೂಕವಿಲ್ಲ. ಅವಳ ಕಣ್ಣೀರು ನಿಜ ಆದರೆ ಅವನು ಗಿಣಿ ಆಗಲಾರ, ಎದುರಿಗೆ ಬಂದರೆ ಗುರುತಿಸಲೇಬೇಕು. ಚಿತ್ರ ಎರಡನ್ನೂ ಕೇಳುತ್ತದೆ. ಹಡಗಿನಲ್ಲಿ ಅವನನ್ನು ಮನುಷ್ಯ ಅಂತ ನಂಬು, ಮನೆಯಲ್ಲಿ ಬೊಂಬೆ ಅಂತ ನಂಬು.

ಎಲ್ಲವನ್ನೂ ಸ್ಟಾನ್‌ವಿಕ್ ಒಬ್ಬಳೇ ಎತ್ತಿ ಹಿಡಿದಿದ್ದಾಳೆ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ 1956ರಲ್ಲಿ ಇದೇ ಕಥೆಯನ್ನು ‘ದಿ ಬರ್ಡ್ಸ್ ಅಂಡ್ ದಿ ಬೀಸ್’ ಅಂತ ಮತ್ತೆ ತೆಗೆದದ್ದನ್ನು ನೋಡಿ. ಮಿಟ್ಜಿ ಗೇನರ್, ಜಾರ್ಜ್ ಗೋಬೆಲ್, ಅಪ್ಪನಾಗಿ ಡೇವಿಡ್ ನಿವೆನ್. ಕಥೆ ಅದೇ, ಇವತ್ತು ಯಾರ ಬಾಯಲ್ಲೂ ಇಲ್ಲ.

ರೈಲಿನ ದೃಶ್ಯ ಬಿಡಿ, ನನಗೆ ಇಷ್ಟವೇ. ಮೊದಲ ರಾತ್ರಿ, ಹೊರಗೆ ಮಳೆ, ಈವ್ ತನ್ನ ಹಳೇ ಗೆಳೆಯರ ಹೆಸರನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಾಳೆ, ಆಂಗಸ್ ಅಂತ ಶುರುವಾಗಿ ನಿಲ್ಲುವುದೇ ಇಲ್ಲ, ರೈಲು ಕೂಗುತ್ತಾ ಸುರಂಗಕ್ಕೆ ನುಗ್ಗುತ್ತದೆ, ಹಾಪ್ಸಿ ದೊಡ್ಡ ಮನಸ್ಸಿನ ಗಂಡನ ಹಾಗೆ ಕ್ಷಮಿಸಲು ಹೆಣಗಾಡಿ ಕೊನೆಗೆ ಪೈಜಾಮಾದಲ್ಲೇ ಇಳಿದು ಕೆಸರಿಗೆ ಬೀಳುತ್ತಾನೆ. ಕಿಟಕಿಯಿಂದ ನೋಡುವ ಅವಳ ಮುಖದಲ್ಲಿ ಗೆದ್ದ ಖುಷಿ ಇಲ್ಲ. ಆಮೇಲೆ ವಿಚ್ಛೇದನಕ್ಕೆ ದುಡ್ಡು ಕೊಡಲು ಬಂದರೆ ದುಡ್ಡು ಬೇಡ, ಅವನೇ ಬಂದು ಮಾತಾಡಲಿ ಅನ್ನುತ್ತಾಳೆ. ಅವನು ಬರುವುದಿಲ್ಲ. ನಿಜ ಹೇಳಿಬಿಡಬೇಕಾದ ಜಾಗ ಅದೇ ಆಗಿತ್ತು. ಸ್ಟರ್ಜಸ್ ಮಾತ್ರ ಅಲ್ಲಿಂದ ತಪ್ಪಿಸಿಕೊಂಡು ಮತ್ತೆ ಹಡಗು ಹತ್ತುತ್ತಾನೆ.

ಹತ್ತಿ ಏನಾಯಿತು? ಈವ್ ಎಂಬ ‘ಕೆಟ್ಟ’ ಹೆಣ್ಣನ್ನು ನೋಡಿ ಬಂದವನಿಗೆ ಜೀನ್ ಈಗ ಒಳ್ಳೆಯವಳಾಗಿ ಕಾಣುತ್ತಾಳೆ. ಚೀಟಿ ಓದುವುದನ್ನು ಬಿಟ್ಟ ಅಂತೀರಲ್ಲ, ಎಲ್ಲಿ ಬಿಟ್ಟ? ಎರಡು ಚೀಟಿ ಪಕ್ಕಪಕ್ಕ ಇಟ್ಟು ಕಡಿಮೆ ಕೆಟ್ಟದ್ದನ್ನು ಆರಿಸಿಕೊಂಡ. ತಿಳಿಯಬೇಕಾಗಿಲ್ಲ ಅನ್ನುವ ಮಾತನ್ನು ಪ್ರೀತಿ ಅಂತ ಹೇಗೆ ಕರೆಯುವುದು? ನನಗೆ ಅದು ಹಳೇ ಸೋಮಾರಿತನವಾಗಿಯೇ ಕೇಳಿಸುತ್ತದೆ.

ನಮ್ಮ ವಿರಾಟಪರ್ವದಲ್ಲೂ ಅರ್ಜುನ ಒಂದು ವರ್ಷ ಬೃಹನ್ನಳೆಯಾಗಿ ಇದ್ದ, ಯಾರಿಗೂ ಗೊತ್ತಾಗಲಿಲ್ಲ. ನಂಬುವುದಕ್ಕೆ ನಮಗೇನೂ ಕಷ್ಟವಾಗುವುದಿಲ್ಲ. ಯಾಕೆಂದರೆ ಕೊನೆಗೆ ಹೆದರಿ ನಡುಗುತ್ತಿರುವ ಉತ್ತರನ ಮುಂದೆ ನಾನು ಅರ್ಜುನ ಅನ್ನುತ್ತಾನೆ, ಉತ್ತರ ನಂಬದೆ ಹತ್ತು ಹೆಸರು ಹೇಳು ನೋಡೋಣ ಅನ್ನುತ್ತಾನೆ, ಇವನು ಹೇಳುತ್ತಾನೆ. ವೇಷದ ಕಥೆಯಲ್ಲಿ ನಾವು ಕಾಯುವುದೇ ಆ ಗಳಿಗೆಗೆ. ಅಷ್ಟು ಹೊತ್ತು ನಂಬಲಾಗದ್ದನ್ನು ನಂಬಿ ಕೂತದ್ದಕ್ಕೆ ಸಿಗುವ ಕೂಲಿ ಅದು. ಈ ಚಿತ್ರ ಆ ಕೂಲಿ ಕೊಡುವುದಿಲ್ಲ.

ಕೊಡದೇ ಇರಲು ಕಾರಣ ನನಗೆ ಗೊತ್ತು. 1934ರಿಂದ ಹಾಲಿವುಡ್‌ನಲ್ಲಿ ನೀತಿಸಂಹಿತೆ ಬಿಗಿಯಾಗಿತ್ತು, ಮದುವೆಯಾಗದ ಗಂಡುಹೆಣ್ಣನ್ನು ಒಂದು ಕೋಣೆಗೆ ಕಳಿಸಿ ಬಾಗಿಲು ಮುಚ್ಚುವಂತಿರಲಿಲ್ಲ. ಇಲ್ಲಿ ಹಾಪ್ಸಿ ನನಗೆ ಮದುವೆಯಾಗಿದೆ ಅನ್ನುತ್ತಾನೆ, ಜೀನ್ ನನಗೂ ಆಗಿದೆ ಅನ್ನುತ್ತಾಳೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಅವನ ಲೆಕ್ಕದಲ್ಲಿ ತಪ್ಪು ಮಾಡುತ್ತಿದ್ದಾನೆ, ಕಾನೂನಿನ ಲೆಕ್ಕದಲ್ಲಿ ಹೆಂಡತಿಯ ಕೋಣೆಗೇ ಹೋಗಿದ್ದಾನೆ. ಕತ್ತರಿ ಹಿಡಿದವರು ಎಲ್ಲಿ ಅಂತ ಕತ್ತರಿಸಬೇಕು? ಭಾರೀ ಜಾಣತನ, ಟೋಪಿ ತೆಗೆದೆ. ಆದರೆ ಆ ಒಂದು ಚೇಷ್ಟೆಗೋಸ್ಕರ ಹಾಪ್ಸಿಯನ್ನು ಕೊನೆಯವರೆಗೂ ಕುರುಡನಾಗಿಯೇ ಇಡಬೇಕಾಯಿತು.

ಬಾಗಿಲು ಮುಚ್ಚಿದ ಮೇಲೆ ಅದೇ ಕೋಣೆಯಿಂದ ಮಗ್ಸಿ ಮೆಲ್ಲಗೆ ಹೊರಗೆ ನುಸುಳಿ, ಇವಳು ಖಂಡಿತಾ ಅವಳೇ ಅಂತ ನಮ್ಮ ಕಡೆ ನೋಡಿ ಹೇಳುತ್ತಾನೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ಎಲ್ಲರೂ ನಗುವ ಮಾತು. ಮಗ್ಸಿ ಅದನ್ನು ಪಾರ್ಟಿಯಲ್ಲೇ ಹೇಳಿ ಆಗಿತ್ತು. ಈ ಸಲ ಅದು ಹಾಪ್ಸಿಯ ಬಾಯಿಂದ ಬರಬೇಕಿತ್ತು.