ಕೋವಿಗೆ ಎಣ್ಣೆ ಹಾಕುವ ಕೈ ಜೀಪಿಗೆ ಯಾಕೆ ಹೋಗಲ್ಲ?

ಕೊಡಗಿನಲ್ಲಿ ಹಳೇ ಡೀಸೆಲ್ ಜೀಪು ಇಲ್ಲದ ತೋಟ ಸಿಗುವುದು ಕಷ್ಟ. ಆ ಜೀಪಿನ ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ) ಅನ್ನು ತಾನೇ ಎಳೆದು ನೋಡುವ ಮಾಲೀಕ ಸಿಗುವುದು ಇನ್ನೂ ಕಷ್ಟ. ಸಿಟ್ಟಾಗಬೇಡಿ, ನಾನೂ ವಿರಾಜಪೇಟೆ ಕಡೆಯವನೇ. ಈಗ ಇರುವುದು ಸಿಡ್ನಿಯಲ್ಲಿ. ಇಲ್ಲಿ ನನ್ನ ಹತ್ತಿರ ಇರುವುದು ತೊಂಬತ್ತರ ದಶಕದ ಲ್ಯಾಂಡ್ ಕ್ರೂಸರ್, 4.2 ಲೀಟರಿನ ಆರು ಸಿಲಿಂಡರ್, ಟರ್ಬೊ ಇಲ್ಲದ ಡೀಸೆಲ್. ಊರಿನ ಮನೆಯಲ್ಲಿ ಮಹೀಂದ್ರಾ ಎಂಎಂ 540 ಜೀಪು. ಅದರಲ್ಲಿ ಪ್ಯೂಜೊ ಎಕ್ಸ್‌ಡಿಪಿ 4.90 ಎಂಜಿನ್, ಅಂದರೆ ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, ಒಟ್ಟು 2112 ಸಿಸಿ. ಎರಡೂ ಗಾಡಿಗಳ ಕೆಳಗೆ ಮಲಗಿ ಅಭ್ಯಾಸವಿರುವುದರಿಂದ ಎರಡೂ ಊರಿನ ರೀತಿ ಬಗ್ಗೆ ಒಂದೆರಡು ಮಾತು ಹೇಳುವ ಆಸೆ.

ನಾಟಿ ಮುಗಿದು ಕೈಲ್ ಮುಹೂರ್ತ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬ, ಬಂದರೆ ನಮ್ಮ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಅದನ್ನು ಒರೆಸಿ, ನಳಿಗೆಯೊಳಗೆ ಬಟ್ಟೆ ಹಾಯಿಸಿ, ಎಣ್ಣೆ ಸವರುವುದು ಮನೆಯವರೇ. ಆ ಕೆಲಸಕ್ಕೆ ಯಾರೂ ಆಳು ಕರೆಯಲ್ಲ. ಅದೇ ಮನೆಯ ಜೀಪಿನ ಬಾನೆಟ್ ಎತ್ತಬೇಕೆಂದರೆ ಡ್ರೈವರ್ ಬರಬೇಕು, ಡ್ರೈವರ್ ರಜೆಯಲ್ಲಿದ್ದರೆ ಗೋಣಿಕೊಪ್ಪದ ಗ್ಯಾರೇಜಿಗೆ ಫೋನ್ ಹೋಗಬೇಕು. ಕೈಗೆ ಗ್ರೀಸ್ ಮೆತ್ತಿಕೊಂಡರೆ ಮರ್ಯಾದೆ ಕಡಿಮೆ ಅನ್ನುವ ಭಾವನೆ ಇದೆ, ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಇಲ್ಲಿ ಸಿಡ್ನಿಯವರು ತಾವೇ ರಿಪೇರಿ ಮಾಡುವುದು ದೊಡ್ಡ ಗುಣದಿಂದೇನಲ್ಲ. ಗ್ಯಾರೇಜಿನಲ್ಲಿ ಗಂಟೆಗೆ 150 ಡಾಲರ್ ಆಸುಪಾಸು ಕೇಳುತ್ತಾರೆ. ಹೊಟ್ಟೆ ಉರಿದು ಸ್ಪ್ಯಾನರ್ ಹಿಡಿಯುತ್ತಾರೆ. ಜೊತೆಗೆ ನ್ಯೂ ಸೌತ್ ವೇಲ್ಸ್‌ನಲ್ಲಿ ಗಾಡಿಗೆ 5 ವರ್ಷ ದಾಟಿದರೆ ವರ್ಷಾ ವರ್ಷಾ ತಪಾಸಣೆ ಇದೆ. ಪಿಂಕ್ ಸ್ಲಿಪ್ ಅನ್ನುತ್ತಾರೆ, ಅದಿಲ್ಲದೆ ನೋಂದಣಿ ಮುಂದುವರಿಯಲ್ಲ. ಬ್ರೇಕು, ಟೈರು, ಸ್ಟೀರಿಂಗು, ತುಕ್ಕು, ಸೋರಿಕೆ ಎಲ್ಲ ನೋಡುತ್ತಾರೆ, ಹಾಗಾಗಿ ಹಳೇ ಗಾಡಿ ಇಟ್ಟುಕೊಂಡವರು ಅದಕ್ಕೆ ಮುಂಚೆ ತಾವೇ ಒಂದು ಸಲ ಕೆಳಗೆ ನುಸುಳಿ ನೋಡಿರುತ್ತಾರೆ. ನಮ್ಮಲ್ಲಿ ಸ್ವಂತ ಬಳಕೆಯ ಗಾಡಿಗೆ ಮೊದಲ 15 ವರ್ಷ ಯಾರೂ ಕೇಳುವುದಿಲ್ಲ, ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರು ಜೀಪುಗಳ ಆ ನವೀಕರಣದ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. ಎಲ್ಲರೂ ಶುಲ್ಕದ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು, ಬ್ರೇಕಿನ ಬಗ್ಗೆ ಒಬ್ಬರೂ ಮಾತಾಡಿದ್ದು ನಾನು ಕೇಳಲಿಲ್ಲ.

ಇಲ್ಲಿ ನನಗೆ ಹಿಡಿಸಿದ್ದು ಬರೆದಿಡುವ ಅಭ್ಯಾಸ. ನನ್ನ ಗಾಡಿಯ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಸರಿಯಾದ ಸಮಯಕ್ಕೆ ಆಡಿಸುವ ಬೆಲ್ಟ್) ಇದೆ, 1 ಲಕ್ಷ ಕಿಲೋಮೀಟರಿಗೆ ಬದಲಾಯಿಸಬೇಕು, ತುಂಡಾದರೆ ವಾಲ್ವುಗಳ ಕಥೆ ಮುಗೀತು. ಹಾಗಾಗಿ ಹಳೇ ಗಾಡಿ ಕೊಳ್ಳುವವರು ಮೊದಲು ಕೇಳುವುದೇ ಬೆಲ್ಟ್ ಯಾವಾಗ ಹಾಕಿದ್ದು ಅಂತ, ಮಾರುವವನು ಪುಸ್ತಕ ತೆಗೆದು ತೋರಿಸುತ್ತಾನೆ. ಊರಲ್ಲಿ ಕೇಳಿ ನೋಡಿ, ಕ್ರೌನ್ ಆಯಿಲ್ (ಆಕ್ಸಲ್ ನಡುವಿನ ಗೇರುಗಳ ಎಣ್ಣೆ) ಯಾವಾಗ ಹಾಕಿಸಿದ್ದು ಬಾವ? "ಹೋದ ಮಳೆಗಾಲಕ್ಕೆ ಮುಂಚೆ ಇರಬೇಕು, ಗ್ಯಾರೇಜ್ ಮೇಸ್ತ್ರಿಗೆ ಗೊತ್ತು." ಜೀಪು ನಮ್ಮದು, ಲೆಕ್ಕ ಮೇಸ್ತ್ರಿಯ ತಲೆಯಲ್ಲಿ. ಆತ ಮಂಗಳೂರಿಗೆ ಹೋಗಿ ಗ್ಯಾರೇಜ್ ಹಾಕಿದರೆ ಲೆಕ್ಕವೂ ಘಟ್ಟ ಇಳಿಯುತ್ತದೆ.

ಆದರೆ ಕೈಚಳಕದ ವಿಷಯಕ್ಕೆ ಬಂದರೆ ನಮ್ಮ ಮೇಸ್ತ್ರಿಗಳ ಮುಂದೆ ಇಲ್ಲಿನ ಬಹಳಷ್ಟು ಜನ ನಿಲ್ಲಲ್ಲ. ಇಲ್ಲಿ ಅನುಮಾನ ಬಂದರೆ ಬಿಚ್ಚಿ ಬಿಸಾಡುವುದು, ಡಬ್ಬದಿಂದ ಹೊಸದು ತೆಗೆದು ಹಾಕುವುದು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಒಂದು ನಾಜಲ್ ಕೆಟ್ಟರೆ ಇಡೀ ಸೆಟ್ಟು ಹೊಸದು. ಊರಿನ ಮೇಸ್ತ್ರಿ ಎಂಜಿನ್ ಐಡಲಿಂಗ್‌ನಲ್ಲಿ ಬಿಟ್ಟು, ಒಂದೊಂದೇ ನಾಜಲ್ ಪೈಪಿನ ನಟ್ಟು ಸ್ವಲ್ಪ ಸಡಿಲಿಸುತ್ತಾ ಕಿವಿಗೊಟ್ಟು ನಿಲ್ಲುತ್ತಾನೆ. ಸಡಿಲಿಸಿದಾಗ ಎಂಜಿನ್ ತಡವರಿಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಸ್ಕ್ಯಾನರ್ ಬೇಡ, ಕಂಪ್ಯೂಟರ್ ಬೇಡ. (ಈಗಿನ ಕಂಪ್ಯೂಟರ್ ನಿಯಂತ್ರಿತ ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್‌ಗೂ ಮೇಲೆ ಹೋಗಬಹುದು, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಳೇ ಪಂಪಿನಲ್ಲೂ ಬೆರಳು ದೂರವೇ ಇರಲಿ.)

ನನ್ನ ತಕರಾರು ಇಷ್ಟೇ. ಇಂಥ ಮೇಸ್ತ್ರಿಯ ಕೈಯಲ್ಲಿ ನಾವು ಗ್ರೀಸ್ ಹೊಡೆಸುತ್ತೇವೆ. ಚಳಿಯಲ್ಲಿ ಎಂಜಿನ್ ಒಳಗೆ ಬಿಸಿ ಕೊಟ್ಟು ಸ್ಟಾರ್ಟ್ ಮಾಡಿಸುವ ಹೀಟರ್ ಪ್ಲಗ್ ಹೋಗಿದೆ ಅಂತ ಕರೆಸುತ್ತೇವೆ, ಡೀಸೆಲ್‌ನಲ್ಲಿ ನೀರು ಬಂತು ಅಂತ ಕರೆಸುತ್ತೇವೆ. ಕೊಯ್ಲಿನ ಸಮಯದಲ್ಲಿ ಎಲ್ಲರ ಜೀಪೂ ಒಟ್ಟಿಗೇ ಕೆಡುತ್ತದೆ, ಅವನಿಗೋ ಎರಡೇ ಕೈ. ನಿಜವಾಗಿ ಅವನೇ ಮಾಡಬೇಕಾದ ಪಂಪಿನ ಕೆಲಸ, ಗೇರ್‌ಬಾಕ್ಸ್ ಕೆಲಸ ಮೂಲೆಯಲ್ಲಿ ಬಿದ್ದಿರುತ್ತದೆ. ಅವನಿಗೂ ವಯಸ್ಸಾಗುತ್ತಿದೆ. ಹುಡುಗರು 2020ರ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳ ಸ್ಕ್ಯಾನರ್ ಕಲಿಯಲು ಹೋಗುತ್ತಿದ್ದಾರೆ, ಅದು ತಪ್ಪೂ ಅಲ್ಲ.

ಹಾಗಾದರೆ ನಾವು ಏನು ಮಾಡಬಹುದು? ಮಳೆಗಾಲದಿಂದಲೇ ಶುರು ಮಾಡಿ. ಬ್ಯಾರಲ್‌ನಲ್ಲಿ ಡೀಸೆಲ್ ಇಟ್ಟುಕೊಳ್ಳುವ ತೋಟಗಳಲ್ಲಿ ನೀರು ಸೇರದೆ ಇರಲ್ಲ. ಹಳೇ ಇಂಜೆಕ್ಷನ್ ಪಂಪುಗಳಲ್ಲಿ ಒಳಗಿನ ಭಾಗಗಳಿಗೆ ಡೀಸೆಲ್ಲೇ ಎಣ್ಣೆ, ನೀರು ಹೋದರೆ ಸವೆದು ಪಂಪೇ ಹೋಗುತ್ತದೆ. ಫಿಲ್ಟರಿನ ಕೆಳಗಿನ ಸ್ಕ್ರೂ ಬಿಟ್ಟು ಒಂದು ಬಾಟಲಿಗೆ ಸ್ವಲ್ಪ ಇಳಿಸಿ ನೋಡಿ, ನೀರು ಅಡಿಗೆ ನಿಲ್ಲುತ್ತದೆ. ಇದಕ್ಕೆ ಐದು ನಿಮಿಷ ಸಾಕು. ಫಿಲ್ಟರ್ ಬದಲಾಯಿಸಿದ ಮೇಲೆ ಏರ್ ಹಿಡಿಯುತ್ತದೆ ಅನ್ನುವುದೇ ಎಲ್ಲರ ಭಯ. ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ. ಅಷ್ಟೇ.

ಡಿಸೆಂಬರ್, ಜನವರಿಯ ಚಳಿಗೆ ಬೆಳಿಗ್ಗೆ ಜೀಪು ಸ್ಟಾರ್ಟ್ ಆಗದೆ ಹಣ್ಣು ಕುಯ್ಯಲು ಬಂದವರನ್ನೇ ಕರೆದು ತಳ್ಳಿಸುವ ದೃಶ್ಯ ಯಾವ ತೋಟದಲ್ಲಿಲ್ಲ ಹೇಳಿ? ಒಂದು ಮಲ್ಟಿಮೀಟರ್ ಇದ್ದರೆ ಸಾಕು. ಹೀಟರ್ ಪ್ಲಗ್‌ಗಳ ಮೇಲಿನ ವೈರ್ ಬಿಚ್ಚಿ ಒಂದೊಂದನ್ನೇ ಅಳೆಯಿರಿ. ಸರಿ ಇರುವುದು ಒಂದು ಓಮ್ ಆಸುಪಾಸು ಅಥವಾ ಅದಕ್ಕೂ ಕಡಿಮೆ ತೋರಿಸುತ್ತದೆ, ಸತ್ತದ್ದು ಏನೂ ತೋರಿಸಲ್ಲ.

ಇನ್ನು ಕ್ರೌನ್ ಆಯಿಲ್. ಓಡಿ ಬಿಸಿಯಾದ ಆಕ್ಸಲ್ ಹೌಸಿಂಗ್ ಹೊಳೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡುವ ಬ್ರೀದರ್‌ಗೆ ಮಣ್ಣು ಮೆತ್ತಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತೋಡು ದಾಟಿ ಗದ್ದೆಗೆ ಹೋಗುವ ಜೀಪಿಗೆ ಇದು ಮಾಮೂಲು. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ತೆಗೆದು ಚೆಲ್ಲಬೇಕು. ಇಲ್ಲಿ ಕಲಿತ ಒಂದು ಮಾತು, ಕೆಳಗಿನ ಪ್ಲಗ್ ತೆಗೆಯುವ ಮುಂಚೆ ತುಂಬಿಸುವ ಪ್ಲಗ್ ಬಿಚ್ಚುತ್ತದಾ ನೋಡಿ. ಆಯಿಲ್ ಎಲ್ಲಾ ಇಳಿಸಿ, ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಜೀಪು ನಿಂತಲ್ಲೇ.

ಜಾಕಿ ವಿಷಯದಲ್ಲಿ ಮಾತ್ರ ನಾನು ಊರಿನವರ ಜೊತೆ ಜಗಳಕ್ಕೇ ನಿಲ್ಲುತ್ತೇನೆ. ನೆನೆದ ಕೆಂಪು ಮಣ್ಣಿನಲ್ಲಿ ಜಾಕಿ ಕೊಟ್ಟು, ಪಕ್ಕದಲ್ಲಿ ಒಂದು ಜಂಬಿಟ್ಟಿಗೆ ಕಲ್ಲು ಇಟ್ಟು ಕೆಳಗೆ ನುಗ್ಗುತ್ತಾರೆ. ಆ ಕಲ್ಲು ಭಾರ ಬಿದ್ದರೆ ಸುಳಿವೇ ಕೊಡದೆ ಒಡೆಯುತ್ತದೆ. ಕಾಂಕ್ರೀಟ್ ನೆಲ ಅಥವಾ ಕಾಫಿ ಒಣಗಿಸುವ ಕಣ ಇದ್ದೇ ಇದೆ, ಅಲ್ಲಿಗೆ ತಂದು ನಿಲ್ಲಿಸಿ, ಎರಡು ಕಬ್ಬಿಣದ ಸ್ಟ್ಯಾಂಡ್ ಕೊಳ್ಳಿ. ಅಷ್ಟು ಮಾಡಲು ಆಗಲ್ಲ ಅಂದರೆ ಸುಮ್ನೆ ಮೇಸ್ತ್ರಿಯನ್ನೇ ಕರೆಯಿರಿ. ಬ್ರೇಕ್ ಆಯಿಲ್ ಕೂಡ ಗಾಳಿಯಿಂದ ನೀರು ಹೀರುತ್ತದೆ, ನಮ್ಮಂಥ ತೇವದ ಊರಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಬಿಡಬಾರದು. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ಇಳಿಜಾರಿನಲ್ಲೋ ಬ್ರೇಕ್ ಕಾದಾಗ ಆ ನೀರು ಆವಿಯಾದರೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ.

ಕೊನೆಗೆ ತೆಗೆದ ಕಪ್ಪು ಆಯಿಲ್. ಸಿಡ್ನಿಯಲ್ಲಿ ಕ್ಯಾನಿಗೆ ತುಂಬಿ ಮರುಬಳಕೆ ಕೇಂದ್ರಕ್ಕೆ ಕೊಟ್ಟು ಬರುತ್ತೇವೆ, ದುಡ್ಡು ಕೇಳಲ್ಲ. ಊರಲ್ಲಿ ಸ್ವಲ್ಪ ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದಿರಲಿ ಅಂತ ಬಳಿಯುತ್ತಾರೆ, ಸ್ವಲ್ಪ ಸ್ಪ್ರಿಂಗ್ ಪ್ಲೇಟಿಗೆ ಹೊಡೆಯುತ್ತಾರೆ, ಉಳಿದದ್ದು ಶೆಡ್ಡಿನ ಹಿಂದಿನ ಚರಂಡಿಗೆ. ಆ ಚರಂಡಿ ತೋಡಿಗೆ ಸೇರುತ್ತದೆ, ತೋಡು ಎಲ್ಲಿಗೆ ಸೇರುತ್ತದೆ ಅಂತ ಕಾವೇರಿ ಹುಟ್ಟುವ ಊರಿನವರಿಗೆ ನಾನು ಹೇಳಬೇಕಾ? ಹಳೇ ಆಯಿಲ್ ಶುದ್ಧ ಮಾಡುವ ನೋಂದಾಯಿತ ಘಟಕಗಳು ನಮ್ಮ ದೇಶದಲ್ಲೂ ಇವೆ, ಆದರೆ ಒಂದು ಕ್ಯಾನಿಗೋಸ್ಕರ ಯಾರೂ ಘಟ್ಟ ಹತ್ತಿ ಬರಲ್ಲ. ಊರಿಗೊಂದು ಬ್ಯಾರಲ್ ಇಟ್ಟು ತುಂಬಿದಾಗ ಕೊಡಬಹುದು. ಗೊಬ್ಬರಕ್ಕೆ ಎಲ್ಲರೂ ಹೋಗುವ ಸಹಕಾರ ಸಂಘದ ಗೋದಾಮಿನ ಪಕ್ಕ ಅಷ್ಟು ಜಾಗ ಇದ್ದೇ ಇರುತ್ತದೆ, ಕೇಳುವವರು ಬೇಕು.